ಹಾಸು ಕೆಚ್ಚುವಾಗ ಓದಿದ ಕಾಗದ

ಖಾತೂನ್ ಬೀ ಸುಳ್ಳೇ ಹೇಳಿದವಳಲ್ಲ ಎಂದರೆ ಚಳ್ಳಕೆರೆಯಲ್ಲಿ ಯಾರೂ ನಂಬಲಿಕ್ಕಿಲ್ಲ. ಮಗ ಶಹನವಾಜ್ ಗ್ಯಾರೇಜಿನ ಒಳಗೆ ಲಾರಿಯ ಕೆಳಗೆ ಮಲಗಿರುವಾಗಲೇ, ಬಾಗಿಲಲ್ಲಿ ನಿಂತ ಗಿರಾಕಿಗೆ "ಹಿರಿಯೂರಿಗೆ ಹೋಗವ್ನಪ್ಪ, ನಾಳೆ ಬಾ" ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆಯ ಡಾಕ್ಟರ ಮುಂದೆ ಕೂತು, ಬೆಳಗ್ಗೆ ತಾನೇ ಎರಡು ಜಿಲೇಬಿ ತಿಂದ ಬಾಯಲ್ಲಿ "ಸಿಹಿ ಮುಟ್ಟೇ ಇಲ್ರಿ" ಎನ್ನುತ್ತಿದ್ದಳು. ಅಂಥ ಸುಳ್ಳಿನಿಂದ ಯಾರ ಮನೆಯೂ ಮುಳುಗುವುದಿಲ್ಲ, ಬಿಡಿ. ಆದರೆ ಅವಳ ಹೊಟ್ಟೆಯಲ್ಲಿ ಬೇರೆ ಒಂದು ಸುಳ್ಳಿತ್ತು. ಅದಕ್ಕೆ ಐವತ್ಮೂರು ವರ್ಷ ವಯಸ್ಸು. ಗಂಡ ವಲಿಸಾಬನಿಗೂ ಅದನ್ನು ಹೇಳಿರಲಿಲ್ಲ. ಅವನು ಕೇಳದೆಯೇ ಮಣ್ಣಿಗೆ ಹೋದ.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಶಹನವಾಜ್ ಗ್ರೀಸಿನ ಕೈಯಲ್ಲೇ ಫೋನು ಹಿಡಿದು ಅಡುಗೆಮನೆಗೆ ಬಂದ. "ಅಮ್ಮಿ, ಮೊಳಕಾಲ್ಮೂರಿಂದ ಶ್ರೀವಾಣಿ ಏನೋ ಕಳ್ಸವ್ಳೆ ನೋಡು."

ಶ್ರೀವಾಣಿ ಎಂದರೆ ಎರ್ರಮ್ಮನ ಮೊಮ್ಮಗಳು, ಅಲ್ಲಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಹುಡುಗಿ. ಎರ್ರಮ್ಮ ಎಂದರೆ ಖಾತೂನ್ ಬೀಗೆ ಕುಂಟೆಬಿಲ್ಲೆ ಆಡುವ ಕಾಲದ ಗೆಳತಿ. ಫೋನಿನಿಂದ ಶ್ರೀವಾಣಿಯ ದನಿ ಬಂತು: "ಖಾತೂನಜ್ಜೀ, ಅಜ್ಜಿ ಪೆಟ್ಟಿಗೇಲಿ ತಾತನ ಉರ್ದು ಕಾಗದ ಸಿಕ್ತು, ಯುದ್ಧಖೈದಿ ಆಗಿದ್ದಾಗ ಬರೆಸಿದ್ದು. ನಾಡಿದ್ದು ಕಾಲೇಜಿನಾಗೆ ಪ್ರದರ್ಶನ ಇಟ್ಟಿದೀವಿ. ಫೋನಿಗೆ ತೋರಿಸಿದ್ರೆ ಅದಕ್ಕೆ ಈ ಕೈಬರಹ ಓದಕ್ಕೆ ಬರ್ತಿಲ್ಲ. ಇವತ್ತು ಸಾಯಂಕಾಲ ಐದಕ್ಕೆ ಉರ್ದು ಶಾಲೆ ಅಫ್ಜಲ್ ಮೇಷ್ಟ್ರು ಮನೇಗೆ ಬಂದು ಓದಿ ಕನ್ನಡ ಮಾಡಿಕೊಡ್ತಾರೆ. ಅವತ್ತು ನೀವೇ ಓದಿದ್ದಂತಲ್ಲ, ಈಗ ಅಷ್ಟು ದೂರ ಬರೋ ತೊಂದರೆ ನಿಮಗೆ ಬೇಡ, ಒಂದು ಫೋಟೊ ಇರಲಿ ಅಂತ ಕಳಿಸ್ದೆ."

ಫೋಟೊ ನೋಡಿ ಖಾತೂನ್ ಬೀ ಗುರುತು ಹಿಡಿದಳು. ಅದೇ ಕಾಗದ. ಮೇಲೆ ಕೆಂಪು ಮುದ್ರೆ, ಕೆಳಗೆ ಬಲದಿಂದ ಎಡಕ್ಕೆ ಓಡುವ ಒತ್ತೊತ್ತು ಸಾಲುಗಳು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು. ಅವಳು ನೋಡುತ್ತ ನಿಂತಳೇ ಹೊರತು ಒಲೆ ಆರಿಸಲಿಲ್ಲ.

"ಅಮ್ಮಿ! ಹಾಲು!"

"ಹೋಗ್ಲಿ ಬಿಡು ಹಾಲು. ಮೊಳಕಾಲ್ಮೂರು ಬಸ್ಸು ಎಷ್ಟು ಹೊತ್ತಿಗೈತೆ?"

"ಇವತ್ತ್ಯಾಕೆ? ಭಾನುವಾರ ನಾನೇ ಕಾರ್ನಾಗೆ ಕರ್ಕೊಂಡು ಹೋಗ್ತೀನಿ."

"ಭಾನುವಾರ ಹೋಗಿ ನಾನೇನು ಮಾಡ್ಲಿ, ಗೋರಿಗೆ ಹೂವ ಹಾಕ್ಲಾ?" ಎಂದು ಮಗನ ಮೇಲೆ ರೇಗಿ, ಬುರ್ಖಾ ತಲೆಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಶಹನವಾಜ್ ಬಾಯಿ ತೆರೆದುಕೊಂಡು ನಿಂತ. ತಾಯಿ ಹೀಗೆ ರೇಗಿದಾಗ ಅಡ್ಡ ಬರುವ ಧೈರ್ಯ ಅವನ ಅಪ್ಪನಿಗೂ ಇರಲಿಲ್ಲ.

ಬಸ್ಸು ತಳಕು ದಾಟಿತು. ಕಿಟಕಿಯ ಪಕ್ಕ ಕೂತ ಖಾತೂನ್ ಬೀಗೆ ಹೊರಗಿನ ಬಯಲೂ ಕಾಣಲಿಲ್ಲ, ಒಳಗಿನ ನೂಕುನುಗ್ಗಲೂ ಕೇಳಲಿಲ್ಲ. ಸಾಯಂಕಾಲ ಐದಕ್ಕೆ ಅಫ್ಜಲ್ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಆ ಕಾಗದವನ್ನು ಗಟ್ಟಿಯಾಗಿ ಓದುತ್ತಾನೆ. ಆ ಸಾಲು ಬರುತ್ತದೆ. ಎರ್ರಮ್ಮ ಕೇಳಿಸಿಕೊಳ್ಳುತ್ತಾಳೆ. ಕುಂಟೆಬಿಲ್ಲೆ ಕಾಲದ ಗೆಳೆತನ ಅಲ್ಲಿಗೆ ಮುಗಿಯಿತು. ಅದಕ್ಕೆ ಮೊದಲು ತಾನೇ ಹೇಳಿಬಿಡಬೇಕು. ಬೇರೆಯವರ ಬಾಯಿಂದ ಕೇಳಿದರೆ ಅವಳು ತನ್ನನ್ನು ಏನೆಂದುಕೊಂಡಾಳು?

ನಡೆದದ್ದು ಹೀಗೆ.

ಎಪ್ಪತ್ತೆರಡನೆಯ ಇಸವಿ, ಯುಗಾದಿ ಹತ್ತಿರ ಬಂದಿತ್ತು. ಆಗ ಖಾತೂನಳ ಅಪ್ಪನದು ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿನ ಅಂಗಡಿ. ಅಂಗಡಿಯ ಹಿಂದಿನ ಬೀದಿಯೆಲ್ಲ ಮಗ್ಗದ ಮನೆಗಳು. ಆ ಬೀದಿಯ ಕೊಟ್ರಮ್ಮನಿಗೆ ಒಬ್ಬನೇ ಮಗ, ಚಿತ್ತಯ್ಯ. ದುರ್ಗದಲ್ಲಿ ಓದಿ ವಾಯುಪಡೆ ಸೇರಿ ಬಾಂಬರ್ ವಿಮಾನದಲ್ಲಿ ನ್ಯಾವಿಗೇಟರ್ ಆಗಿದ್ದ. ಓಡಿಸುವವನು ಬೇರೆ, ಪಕ್ಕದಲ್ಲಿ ನಕ್ಷೆ ಹಿಡಿದು ದಾರಿ ಹೇಳುವವನು ಇವನು. ಡಿಸೆಂಬರಿನ ಯುದ್ಧದಲ್ಲಿ ಬಾಂಬು ಹಾಕಿ ಹಿಂದಿರುಗುವಾಗ ವಿಮಾನಕ್ಕೆ ಗುಂಡು ಬಿತ್ತು. ಓಡಿಸುವವನು ಉಳಿಯಲಿಲ್ಲ. ಚಿತ್ತಯ್ಯ 'ಕಾಣೆಯಾಗಿದ್ದಾನೆ' ಎಂದು ತಂತಿ ಬಂತು. ಆಮೇಲೆ ಮೂರು ತಿಂಗಳು ಒಂದು ಸುದ್ದಿ ಇಲ್ಲ. ಅವನಿಗೆಂದು ವೀಳ್ಯ ಬದಲಾಯಿಸಿದ್ದ ಹುಡುಗಿ ಎರ್ರಮ್ಮ, ಕೊಟ್ರಮ್ಮನ ತಮ್ಮನ ಮಗಳು. ಅವಳ ಅಪ್ಪ ಮೂಡಲಗಿರಿಯಪ್ಪ, ಯುಗಾದಿಯವರೆಗೆ ನೋಡುತ್ತೇನೆ, ಆಮೇಲೆ ರಾಯದುರ್ಗದ ಕಡೆಯ ಗಂಡಿಗೆ ಕೊಡುತ್ತೇನೆ ಎಂದು ಖಡಾಖಂಡಿತ ಹೇಳಿದ್ದ. ಅವನನ್ನು ಬೈಯುವುದಕ್ಕೂ ಬರುವಂತಿರಲಿಲ್ಲ. ಹತ್ತೊಂಬತ್ತು ದಾಟುತ್ತಿದ್ದ ಮಗಳು, ಗಂಡು ಬದುಕಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು.

ಆಗ ಬಂತು ಕಾಗದ. ಬೀದಿಯೇ ಸೇರಿತು. ಬಿಡಿಸಿ ನೋಡಿದರೆ ಉರ್ದು. ಅಂಚೆಯವನು ಕೈ ಚೆಲ್ಲಿದ, ಹಿಂದಿ ಮೇಷ್ಟ್ರು ಬಾರದೆಂದು ತಲೆಯಾಡಿಸಿದರು. "ನೂಲಿನ ಸಾಬರ ಮಗಳನ್ನ ಕರೀರೋ" ಎಂದು ಯಾರೋ ಕೂಗಿದರು. ಖಾತೂನ್ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಅವತ್ತು ಆ ಮನೆಯಲ್ಲಿ ಹಾಸು ಕೆಚ್ಚುತ್ತಿದ್ದರು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಳೆಯ ನೂಲು, ಅಂದರೆ ಹಾಸು, ಮುಗಿದಾಗ ಅದರ ತುದಿಯ ಎಳೆಗಳನ್ನು ಕತ್ತರಿಸಿ ಎಸೆಯುವುದಿಲ್ಲ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಹೊಸೆದು ಸೇರಿಸುತ್ತಾರೆ. ಅದೇ ಕೆಚ್ಚುವುದು. ಹೆಂಗಸರು ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ನಾಲ್ಕು ಸಾವಿರ ಎಳೆಗೆ ಎರಡು ದಿನ ಬೇಕು. ಆ ಬೀದಿಯಲ್ಲಿ ಒಂದು ರೂಢಿ: ಕೆಚ್ಚುವುದು ಮುಗಿಯುವ ತನಕ ಮಗ್ಗದ ಹತ್ತಿರ ಕೆಟ್ಟ ಮಾತು ಆಡುವಂತಿಲ್ಲ, ಸಾವು ನೋವಿನ ಸುದ್ದಿ ತರುವಂತಿಲ್ಲ, ಅಳುವಂತಿಲ್ಲ. ಆಡಿದರೆ ಎಳೆ ನಿಲ್ಲುವುದಿಲ್ಲ ಎಂದು ನಂಬಿಕೆ. ಖಾತೂನಳ ಅಪ್ಪನೂ ನೂಲು ಕೊಡಲು ಹೋದಾಗ ಕೆಚ್ಚುತ್ತಿದ್ದರೆ ಹೊಸ್ತಿಲಲ್ಲೇ ಗಂಟಿಟ್ಟು ಬಾಯಿ ಮುಚ್ಚಿಕೊಂಡು ಬರುತ್ತಿದ್ದರು. ಮಗಳಿಗೂ ಅದನ್ನೇ ಕಲಿಸಿದ್ದರು.

ಮಗ್ಗದ ಮುಂದೆ ಕೂತು ಕೆಚ್ಚುತ್ತಿದ್ದವಳು ಎರ್ರಮ್ಮನೇ. ಅತ್ತೆಯ ಮನೆಯ ಕೆಲಸಕ್ಕೆ ಮದುವೆಗೆ ಮೊದಲೇ ಬರುತ್ತಿದ್ದಳು. ಖಾತೂನ್ ಅವಳ ಪಕ್ಕ ಕೂತು ಓದಿದಳು. "ಅವ್ವನಿಗೆ ನಮಸ್ಕಾರ. ನಾನು ಬದುಕಿದ್ದೇನೆ." ಅಷ್ಟಕ್ಕೇ ಬೀದಿಯೆಲ್ಲ ಹೋ ಎಂದಿತು. ಕೊಟ್ರಮ್ಮ ಎದೆ ಹಿಡಿದುಕೊಂಡು ಕೂತಳು. "ನನ್ನ ಬಲಗೈಗೆ ಪೆಟ್ಟಾಗಿದೆ. ಬರೆಯಲು ಬರುವುದಿಲ್ಲ. ನಾನು ಹೇಳುತ್ತಿರುವುದನ್ನು ಆಸ್ಪತ್ರೆಯ ಆರ್ಡರ್ಲಿ ಬರೆದುಕೊಡುತ್ತಿದ್ದಾನೆ. ಅವನಿಗೆ ಉರ್ದು ಬಿಟ್ಟು ಬೇರೆ ಬಾರದು." ಮುಂದಿನ ಸಾಲಿಗೆ ಬಂದಾಗ ಖಾತೂನ್ ಓದುವುದನ್ನು ನಿಲ್ಲಿಸಿದಳು.

ಎರ್ರಮ್ಮ ಬೂದಿ ಬೆರಳಲ್ಲಿ ಎರಡು ಎಳೆ ಹಿಡಿದುಕೊಂಡು, ಹೊಸೆಯುವುದನ್ನೂ ಬಿಟ್ಟು, ಅವಳ ಬಾಯನ್ನೇ ನೋಡುತ್ತಿದ್ದಳು. ಮುಂದೇನು ಹೇಳು ಎಂದು ಕೊಟ್ರಮ್ಮ ತನ್ನ ಮನೆಮಾತು ತೆಲುಗಿನಲ್ಲಿ ಅವಸರಪಟ್ಟಳು. "ತರುವಾತ ಏಮಿ? ಚೆಪ್ಪಮ್ಮಾ!"

ಖಾತೂನ್ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು, ಇಲ್ಲದ್ದನ್ನು ಓದಿದಳು. ಕೆಚ್ಚುವುದು ಮುಗಿಯಲಿ, ನಾಳೆ ಎರ್ರಮ್ಮನೊಬ್ಬಳಿಗೇ ನಿಜ ಹೇಳುತ್ತೇನೆ ಎಂದುಕೊಂಡಳು. ಮಾರನೆಯ ಸಾಯಂಕಾಲ ಕೆಚ್ಚುವುದೂ ಮುಗಿಯಿತು, ಹೇಳಲೆಂದು ಎರ್ರಮ್ಮನ ಮನೆಗೆ ಹೋದಳೂ ಹೋದಳು. ಮೂಡಲಗಿರಿಯಪ್ಪ ಜಗಲಿಯಲ್ಲಿ ನಿಂತು ರಾಯದುರ್ಗದವರನ್ನು ಬೀಳ್ಕೊಡುತ್ತಿದ್ದ. "ಹುಡುಗ ಬರ್ತೀನಿ ಅಂತ ಬರೆಸವ್ನೆ ಕಣ್ರಪ್ಪಾ, ನಿಮ್ಮ ದಾರಿ ನೀವು ನೋಡ್ಕಳಿ." ಒಳಗೆ ಎರ್ರಮ್ಮ ಹಾಡಿಕೊಳ್ಳುತ್ತಿದ್ದಳು. ಖಾತೂನ್ ಹೊಸ್ತಿಲಿಂದಲೇ ಹಿಂದಿರುಗಿದಳು.

ಅದೇ ವರ್ಷದ ಡಿಸೆಂಬರಿನಲ್ಲಿ ಖೈದಿಗಳನ್ನು ಬಿಟ್ಟರು. ಚಿತ್ತಯ್ಯ ಬಂದ, ಬಲ ಮೊಣಕೈ ಬಗ್ಗಿದ್ದು ಬಗ್ಗಿದಂತೇ. ಮದುವೆಯಾಯಿತು. ಇವತ್ತು ಗುಟ್ಟು ಒಡೆಯುತ್ತದೆ, ನಾಳೆ ಒಡೆಯುತ್ತದೆ ಎಂದು ಖಾತೂನ್ ಕಾದಳು. ಒಡೆಯಲಿಲ್ಲ. ಅವಳಿಗೂ ಮದುವೆಯಾಗಿ ಚಳ್ಳಕೆರೆಗೆ ಬಂದಳು. ಚಿತ್ತಯ್ಯ ಎಂಟು ವರ್ಷ ಎಲ್ಲೆಲ್ಲೋ ವಾಯುಪಡೆಯ ಆಫೀಸಿನ ಕುರ್ಚಿಯಲ್ಲಿ ಕೂತು, ಆಮೇಲೆ ಊರಿಗೆ ಬಂದು ಹೆಂಡತಿಯ ಮಗ್ಗದ ಪಕ್ಕ ಕೂತ. ಊರವರ ಬಾಯಲ್ಲಿ ಅವನು ಇವತ್ತಿಗೂ ವಿಮಾನದ ಚಿತ್ತಯ್ಯ.

ಬಸ್ಸು ಮೊಳಕಾಲ್ಮೂರು ಮುಟ್ಟಿದಾಗ ಹನ್ನೆರಡೂವರೆ. ಖಾತೂನ್ ಬೀ ದಾರಿಯುದ್ದಕ್ಕೂ ಉರು ಹೊಡೆದ ಮಾತನ್ನು ಬಾಯಲ್ಲಿಟ್ಟುಕೊಂಡು ಎರ್ರಮ್ಮನ ಮನೆಯ ಬಾಗಿಲು ದಾಟಿದಳು. ದಾಟಿದವಳು ಅಲ್ಲೇ ನಿಂತುಬಿಟ್ಟಳು.

ಎರ್ರಮ್ಮ ಬೆರಳಿಗೆ ಬೂದಿ ಹಚ್ಚಿಕೊಂಡು ಹಾಸು ಕೆಚ್ಚುತ್ತಿದ್ದಳು.

"ಯಾ ಅಲ್ಲಾ!" ಎಂದಳು ಖಾತೂನ್ ಬೀ. ಮೇಲಿನವನಿಗೂ ತಮಾಷೆ ಮಾಡುವ ಚಟ ಇರಬೇಕು.

"ಏಮೇ ಖಾತೂ! ಹೇಳಿಲ್ಲ ಕೇಳಿಲ್ಲ, ಹಿಂಗೆ ಬಂದು ನಿಂತಿದೀಯ?" ಎರ್ರಮ್ಮನ ಮುಖ ಅರಳಿತು. "ನಿನ್ನೆಯಿಂದ ಕೂತಿದೀನಿ ಕಣೇ. ಇನ್ನೇನು ಏಳುನೂರು ಎಳೆ ಐತೆ. ಬಾ, ಕೂತ್ಕೋ."

ಮಗ್ಗದ ಆಚೆ ಬದಿಯಲ್ಲಿ ಚಿತ್ತಯ್ಯ. ಎಪ್ಪತ್ತೇಳು ವರ್ಷ, ತೆಳ್ಳನೆ ಮೈ, ಬಿಳಿ ಮೀಸೆ. ಬಗ್ಗಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಎಳೆಗಳನ್ನು ಜೋಡಿ ಜೋಡಿ ಬಿಡಿಸಿ ಹೆಂಡತಿಗೆ ಕೊಡುತ್ತಿದ್ದ. ನಲವತ್ತು ವರ್ಷದಿಂದ ಈ ಕೆಲಸ ಅವನದು. ಒಂದು ಎಳೆಯೂ ಆಚೀಚೆ ಆಗುತ್ತಿರಲಿಲ್ಲ.

"ಬಾರಮ್ಮ ಖಾತೂನ್ ಬೀ," ಎಂದ. "ಚಳ್ಳಕೆರೇಲಿ ಏನು ಸಮಾಚಾರ? ನಿಮ್ಮೂರ ಕಡೆ ಈಗ ಮನುಷ್ಯರಿಲ್ಲದ ವಿಮಾನ ಹಾರಿಸ್ತಾರಂತಲ್ಲ. ಒಳ್ಳೇದಾಯ್ತು ಬಿಡು. ಬಿದ್ರೂ ಯಾರ ಅವ್ವನಿಗೂ ತಂತಿ ಹೋಗಲ್ಲ."

"ಕೆಚ್ಚೋವಾಗ ಬೀಳೋ ಮಾತ್ಯಾಕೆ ಆಡ್ತೀರ?" ಎಂದು ಎರ್ರಮ್ಮ ಗದರಿದಳು. ಅವನು ಕಿವಿ ಹಿಡಿದುಕೊಂಡ.

ಹೀಗಿರುವಾಗ ಖಾತೂನ್ ಬೀ ಬಾಯಿ ತೆರೆಯುವುದಾದರೂ ಹೇಗೆ? ಅವಳೂ ಬೂದಿ ಹಚ್ಚಿಕೊಂಡು ಕೂತಳು, ಬೇಗನೆ ಮುಗಿಯಲಿ ಎಂದು. ಎಪ್ಪತ್ತೆರಡು ವರ್ಷದ ಕಣ್ಣು, ಕೂದಲಿಗಿಂತ ಸಣ್ಣ ಎಳೆ. ಹತ್ತು ಹೊಸೆದರೆ ಮೂರು ಜಾರುತ್ತಿದ್ದವು. "ನೂಲಿನ ಸಾಬರ ಮಗಳಾಗಿ ಇದೇನೇ ನಿನ್ನ ಕೈ" ಎಂದು ಎರ್ರಮ್ಮ ನಗುತ್ತ ಅವನ್ನು ಮತ್ತೆ ಹೊಸೆಯುತ್ತಿದ್ದಳು. ನಡುವೆ ಮುದ್ದೆ ಉಂಡರು. ಖಾತೂನ್ ಬೀ ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟಳು. ಶ್ರೀವಾಣಿ ಕಾಲೇಜಿನಿಂದ ಬಂದವಳು ಖಾತೂನಜ್ಜಿಯನ್ನು ತಬ್ಬಿ, ಕಾಗದವನ್ನು ಪೆಟ್ಟಿಗೆಯ ಮೇಲೆ ಒಂದು ಪುಸ್ತಕದಡಿ ಇಟ್ಟು, ಮೇಷ್ಟ್ರಿಗೆ ಬಿಸ್ಕತ್ತು ತರುತ್ತೇನೆಂದು ಅಂಗಡಿಗೆ ಹೋದಳು. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ. ಇನ್ನೂ ಇನ್ನೂರು ಎಳೆ.

ಚಿತ್ತಯ್ಯನಿಗೆ ಅವತ್ತು ಮಾತಿನ ಹುರುಪು. ಕಾಗದ ಕಣ್ಣಿಗೆ ಬಿದ್ದಿತ್ತಲ್ಲ. "ಜೈಲಿನಾಗೆ ಮಾಡಕ್ಕೆ ಕೆಲಸ ಇರ್ತಿರಲಿಲ್ಲ ನೋಡು. ಹೊದಿಯೋ ಕಂಬಳಿ ಎಳೆ ಎಣಿಸ್ತಿದ್ದೆ. ನಮ್ಮ ಚಳ್ಳಕೆರೆ ಕಂಬಳಿ ಮುಂದೆ ಅದು ಕಂಬಳೀನೇ ಅಲ್ಲ ಅಂತ ಕಾವಲಿನೋನ ಹತ್ರ ಜಗಳ ಆಡಿದ್ದೆ. ಅವನು ನಕ್ಕು, ಹಂಗಾರೆ ಚಳ್ಳಕೆರೇಗೇ ಹೋಗಿ ಮಲಗು ಅಂದ."

ನಾಲ್ಕೂ ನಲವತ್ತಕ್ಕೆ ಕಡೆಯ ಎಳೆ. ಎರ್ರಮ್ಮ ಅದನ್ನು ಹೊಸೆದು ಮಗ್ಗಕ್ಕೆ ಕೈ ಮುಗಿದಳು. ಚಿತ್ತಯ್ಯ ಚಾ ಕಾಯಿಸುತ್ತೇನೆಂದು ಸೊಂಟ ಹಿಡಿದುಕೊಂಡು ಒಳಗೆ ಹೋದ.

ಖಾತೂನ್ ಬೀ ಗೆಳತಿಯ ಬೂದಿ ಕೈಯನ್ನು ಗಬಕ್ಕನೆ ಹಿಡಿದುಕೊಂಡಳು. ಉರು ಹೊಡೆದ ಮಾತೆಲ್ಲ ಎತ್ತಲೋ ಹೋಗಿತ್ತು.

"ಎರ್ರಮ್ಮ, ನಾನು ಅವತ್ತು ಸುಳ್ಳು ಓದಿದೆ ಕಣೇ. ಕಾಯಲಿ ಅಂತ ಚಿತ್ತಯ್ಯಣ್ಣ ಬರೆಸಿರಲಿಲ್ಲ. ಬೇಡ ಅಂತ ಬರೆಸಿದ್ರು. ಕೈ ಹೋಯ್ತು, ಬಿಡ್ತಾರೋ ಇಲ್ವೋ ಗೊತ್ತಿಲ್ಲ, ಅವಳನ್ನ ಬೇರೆ ಕಡೆ ಕೊಡಿ ಅಂತ ಇತ್ತು. ನೀನು ಕೆಚ್ತಾ ಇದ್ದೆ. ನನ್ನ ಬಾಯಿಗೆ ಬರಲಿಲ್ಲ. ನಾಳೆ ಹೇಳ್ತೀನಿ ಅಂದ್ಕೊಂಡೆ. ಆ ನಾಳೆ ಬರಲೇ ಇಲ್ಲ. ನಿನ್ನ ಬದುಕನ್ನ ನಾನು ಸುಳ್ಳಿನ ಮೇಲೆ ನಿಲ್ಲಿಸಿಬಿಟ್ಟೆ. ಮೇಷ್ಟ್ರು ಬಂದು ಓದೋಕೆ ಮುಂಚೆ ನಾನೇ ಹೇಳ್ಬೇಕು ಅಂತ ಓಡಿ ಬಂದೆ. ಬೈಯಿ, ಹೊಡಿ, ಏನಾದ್ರೂ ಮಾಡು."

ಎರ್ರಮ್ಮ ಬೈಯಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. ಹೊಸ ಹಾಸಿನ ಕಡೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಳು:

"ನನಗೆ ಗೊತ್ತು ಕಣೇ."

"ಏನು ಗೊತ್ತು?"

"ಎಲ್ಲಾನೂ. ಮದುವೆ ಆದ ಮೂರನೇ ದಿನ ಅವರೇ ಕೇಳಿದ್ರು, ಬೇಡ ಅಂತ ಬರೆಸಿದ್ರೂ ನೀನ್ಯಾಕೆ ನನಗೆ ಕಾದೆ ಅಂತ. ನನಗೆ ಆಗ್ಲೇ ಗೊತ್ತಾಯ್ತು, ಇದು ಖಾತೂನೇ ಮಾಡಿದ್ದು ಅಂತ. ನಿಜ ಹೇಳ್ಬೇಕಿತ್ತು. ಆದ್ರೆ ಅವರು ನನ್ನ ಮುಖ ನೋಡ್ತಿದ್ದ ರೀತಿ ಐತಲ್ಲ, ಗೌರಸಮುದ್ರದ ಮಾರಮ್ಮನ್ನ ನೋಡೋ ಹಂಗೆ ನೋಡ್ತಿದ್ರು. ಇಪ್ಪತ್ತು ವರ್ಷದೋಳು, ಬಾಯಿ ಮುಚ್ಕೊಂಡೆ. ಇವತ್ತಿನವರೆಗೂ ಮುಚ್ಕೊಂಡೇ ಇದೀನಿ." ಅವಳು ಖಾತೂನ್ ಬೀಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ನೀನು ಬಂದಾಗೆಲ್ಲ, ಅವರ ಹತ್ರ ಮಾತಿಗೆ ಕೂತಾಗೆಲ್ಲ, ಇವಳು ಎಲ್ಲಿ ಬಾಯಿಬಿಟ್ಟಾಳೋ ಅಂತ ನನ್ನ ಜೀವ ಹೋಗೋದು ಕಣೇ. ಕಾಗದ ಓದ್ತೀವಿ ಅಂತ ಶ್ರೀವಾಣಿ ಅಂದಾಗ ನಿನ್ನೆ ರಾತ್ರಿ ನಿದ್ದೆ ಮಾಡ್ಲಿಲ್ಲ ನಾನು."

ಖಾತೂನ್ ಬೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವಳಿಗೆ ಹೆದರಿ ತಾನು, ತನಗೆ ಹೆದರಿ ಇವಳು! ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಒಬ್ಬಟ್ಟು ತಿಂದಿದ್ದಾರೆ, ಒಬ್ಬರ ಹೆರಿಗೆಗೆ ಇನ್ನೊಬ್ಬರು ಹೋಗಿದ್ದಾರೆ, ಇದೊಂದನ್ನು ಮಾತ್ರ ಇಬ್ಬರೂ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದಾರೆ.

ಅಷ್ಟರಲ್ಲಿ ಲೋಟದ ಸದ್ದಾಯಿತು. ಇಬ್ಬರೂ ತಿರುಗಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಚಿತ್ತಯ್ಯ, ಎಡಗೈಯಲ್ಲಿ ಚಾದ ತಟ್ಟೆ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ತಟ್ಟೆಯ ತುಂಬ ಚಾ ಚೆಲ್ಲಿತ್ತು.

ಎರ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ನಿಧಾನವಾಗಿ ಬಂದು ತಟ್ಟೆಯನ್ನು ನೆಲದ ಮೇಲಿಟ್ಟು, ತನ್ನ ಜಾಗದಲ್ಲೇ ಕೂತ.

"ಕ್ಯಾಂಪಿಗೆ ನಮ್ಮವ್ವನ ಕಾಗದ ಬಂದಿತ್ತು," ಎಂದ ಯಾರ ಮುಖವನ್ನೂ ನೋಡದೆ. "ಪೋಸ್ಟ್ ಮಾಸ್ಟರ್ ಕೈಲಿ ಇಂಗ್ಲಿಷ್‌ನಾಗೆ ಬರೆಸಿದ್ದು. ಎರ್ರಮ್ಮ ಕಾಯ್ತಾ ಅವಳೆ ಅಂತ ಇತ್ತು. ಬೇಡ ಅಂದ್ರೂ ಕಾಯ್ತಾ ಅವಳಲ್ಲ ಅಂತ ನನಗೆ ಆ ಒಂದು ಸಾಲೇ ಅನ್ನ ನೀರು ಎಲ್ಲಾ ಆಗಿತ್ತು. ಪಕ್ಕದ ಕೋಣೇಲಿ ಒಬ್ಬ ಊಟ ಬಿಟ್ಟು ಸೊರಗಿ ಹೋದ. ನಾನು ಹಂಗಾಗಲಿಲ್ಲ."

ಖಾತೂನ್ ಬೀ ಚೆಲ್ಲಿದ ಚಾದಲ್ಲಿ ನಿಂತಿದ್ದ ಲೋಟಗಳನ್ನು ಎತ್ತಿ ಪಕ್ಕಕ್ಕಿಟ್ಟಳು.

"ಹಂಗಾರೆ ಒಂದು ಕೇಳ್ತೀನಿ," ಎಂದು ಹೆಂಡತಿಯ ಕಡೆ ತಿರುಗಿದ. "ಆ ಸಾಲು ಇದ್ದ ಹಂಗೇ ಓದಿದ್ರೆ, ನೀನು ಕಾಯ್ತಿದ್ಯಾ?"

ಖಾತೂನ್ ಬೀ ಗೆಳತಿಯ ಕಡೆ ನೋಡಿದಳು. ಹೂಂ ಅನ್ನೇ ಎರ್ರಮ್ಮ, ಹೂಂ ಅಂದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ಸಣ್ಣ ಸುಳ್ಳು, ಯಾರಿಗೆ ಏನು ನಷ್ಟ!

ಎರ್ರಮ್ಮ ಸೆರಗು ಬಿಟ್ಟಳು. "ಗೊತ್ತಿಲ್ಲ ಕಣ್ರೀ. ನಮ್ಮಪ್ಪ ರಾಯದುರ್ಗಕ್ಕೆ ಕೊಡ್ತಿದ್ದ. ನಾನು ನಾಲ್ಕು ದಿನ ಅತ್ತು ಹೋಗ್ತಿದ್ನೋ ಏನೋ. ನಿಮ್ಮ ಹತ್ರ ಇನ್ನು ಸುಳ್ಳು ಹೇಳಲ್ಲ. ನಿಮ್ಮ ಕಣ್ಣಿಗೆ ನಾನು ಏನಾಗಿದ್ನೋ ಅದು ನಾನಲ್ಲ. ಅದಕ್ಕೇ ಇಷ್ಟು ವರ್ಷ ಹೆದರಿಕೊಂಡು 'ಹೌದೌದು' ಅಂತ ಇದ್ದೆ."

ಚಿತ್ತಯ್ಯ ಎದ್ದು, ಪೆಟ್ಟಿಗೆಯ ಮೇಲಿನ ಕಾಗದವನ್ನು ತಂದು ಖಾತೂನ್ ಬೀಯ ಮಡಿಲಿಗೆ ಹಾಕಿದ.

"ಓದಮ್ಮ. ಇದರಾಗೆ ಏನೈತೆ ಅಂತ ನನಗೂ ಪೂರ್ತಿ ಗೊತ್ತಿಲ್ಲ. ನಾನು ಹಿಂದೀಲಿ ಹೇಳಿದೆ, ಆ ಆರ್ಡರ್ಲಿ ಬರೆದ. ನನಗೆ ಉರ್ದು ಓದಕ್ಕೆ ಬರ್ತಿರಲಿಲ್ಲ. ಬಲು ಸಣಕಲ ಮನುಷ್ಯ ಅವನು. ಮೊದಮೊದಲು ನನ್ನ ಹತ್ರ ಮಾತೇ ಆಡ್ತಿರಲಿಲ್ಲ. ನಾವು ಬಾಂಬು ಹಾಕಿ ಬಂದ್ವಲ್ಲ, ಅದರ ಮಗ್ಗುಲ ಊರೋನಂತೆ ಅವನು. ಆದ್ರೂ ನನ್ನ ಕೈಗೆ ಆಗಲ್ಲ ಅಂತ ರೊಟ್ಟಿ ಮುರಿದು ಬಾಯಿಗೆ ಇಡ್ತಿದ್ದ. ಓದು, ಈ ಸಲ ಒಂದಕ್ಷರಾನೂ ಬಿಡಬ್ಯಾಡ."

ಖಾತೂನ್ ಬೀ ಕನ್ನಡಕ ಹಾಕಿಕೊಂಡು ಓದಿದಳು. ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ಉರ್ದುವಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳಿದಳು. ಅವ್ವನಿಗೆ ನಮಸ್ಕಾರ. ನಾನು ಬದುಕಿದ್ದೇನೆ. ಕೈ. ಆರ್ಡರ್ಲಿ. ಕೊನೆಗೆ ಆ ಸಾಲು. ಈ ಸಲ ಬಿಡಲಿಲ್ಲ: "ಎರ್ರಮ್ಮನ ಮನೆಯವರಿಗೆ ಹೇಳು. ನನ್ನ ಕೈ ಮತ್ತೆ ಲಾಳಿ ಹಿಡಿಯುವ ಕೈ ಆಗುವುದಿಲ್ಲ. ನಮ್ಮನ್ನು ಯಾವಾಗ ಬಿಡುತ್ತಾರೋ ತಿಳಿಯದು. ಅವಳು ನನಗಾಗಿ ಕೂರುವುದು ಬೇಡ. ಒಳ್ಳೆಯ ಕಡೆ ನೋಡಿ ಕೊಡಿ. ನನಗೆ ಬೇಸರವಿಲ್ಲ."

ಓದಿ ಮುಗಿಸಿ ಮಡಚಲು ಹೋದಳು. ಅವತ್ತೂ ಇಲ್ಲಿಗೇ ಮಡಚಿದ್ದಳು. ಆದರೆ ಹಳೆಯ ಕಾಗದ ಸರಿಯಾಗಿ ಮಡಚಿಕೊಳ್ಳದೆ, ಅಂಟಿಕೊಂಡಿದ್ದ ಅಂಚಿನ ಕಿರಿದಾದ ಮಡಿಕೆ ಹಿಂದಕ್ಕೆ ತೆರೆದುಕೊಂಡಿತು. ಅದರ ಒಳಮೈಯಲ್ಲಿ, ಅಡ್ಡಡ್ಡವಾಗಿ, ಪೆನ್ಸಿಲಿನಲ್ಲಿ ಬರೆದ ನಾಲ್ಕು ಸಾಲು. ಮಸುಕಾಗಿದ್ದವು. ಖಾತೂನ್ ಬೀ ಬಾಗಿಲ ಬೆಳಕಿಗೆ ಹಿಡಿದಳು.

"ಏನೇ ಅದು?" ಎಂದಳು ಎರ್ರಮ್ಮ.

"ನಾನು ಇದನ್ನ ನೋಡೇ ಇಲ್ಲ ಕಣೇ. ಅವತ್ತು ನೋಡೇ ಇಲ್ಲ." ಅವಳು ತಡವರಿಸುತ್ತ ಓದಿದಳು.

"ಓದುವವರಿಗೆ ಸಲಾಂ. ನಾನು ಈ ವಾರ್ಡಿನ ಆರ್ಡರ್ಲಿ. ಮೇಲಿರುವುದು ಇವರ ಮಾತು, ಹೇಳಿದಂತೆಯೇ ಬರೆದಿದ್ದೇನೆ. ಆದರೆ ಕಡೆಯ ಮಾತು ಬರೆಸುವಾಗ ಇವರು ಗೋಡೆಯ ಕಡೆ ಮುಖ ತಿರುಗಿಸಿದ್ದರು. ಜ್ವರ ಏರಿದಾಗಲೆಲ್ಲ ಒಂದೇ ಹೆಸರು ಕರೆಯುತ್ತಾರೆ. ಈ ಕಾಗದದಲ್ಲಿರುವುದೂ ಅದೇ ಹೆಸರು. ನನಗೂ ತಂಗಿಯರಿದ್ದಾರೆ. ಆ ಹುಡುಗಿಯ ಮುಂದೆ ಆ ಮಾತನ್ನು ಓದದೆ ಬಿಟ್ಟುಬಿಡಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ."

ಓದಿದ ಮೇಲೆ ಅವಳಿಗೆ ಅಕ್ಷರ ಕಾಣಿಸಲಿಲ್ಲ. ಎಪ್ಪತ್ತೆರಡು ವರ್ಷದ ಹೆಂಗಸು ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷ ಯಾವ ತಪ್ಪನ್ನು ಮುಚ್ಚಿಟ್ಟುಕೊಂಡು ನಮಾಜಿಗೆ ಕೂತಾಗಲೆಲ್ಲ ಮಾಫಿ ಕೇಳಿದ್ದಳೋ, ಅದನ್ನು ಮಾಡು ಎಂದು ಗಡಿಯಾಚೆಯವನೊಬ್ಬ ಕೈಮುಗಿದು ಕೇಳಿಕೊಂಡಿದ್ದ. ಆ ಕಾಗದ ಇಷ್ಟು ವರ್ಷ ಎರ್ರಮ್ಮನ ಪೆಟ್ಟಿಗೆಯಲ್ಲೇ ಇತ್ತು. ಎರ್ರಮ್ಮ ಅವಳನ್ನು ತಬ್ಬಿಕೊಂಡಳು. ಬುರ್ಖಾದ ತುಂಬ ಬೂದಿಯ ಬೆರಳು ಮೂಡಿತು.

"ನೋಡ್ರೀ ಆ ಪುಣ್ಯಾತ್ಮನ್ನ," ಎಂದಳು ಎರ್ರಮ್ಮ ಮೂಗೊರೆಸಿಕೊಳ್ಳುತ್ತ. "ನನ್ನ ಮುಖ ನೋಡಿದೋನಲ್ಲ, ಹೆಸರು ಕೇಳಿದೋನು ಅಷ್ಟೇ."

ಚಿತ್ತಯ್ಯ ಪೆನ್ಸಿಲಿನ ಸಾಲುಗಳ ಮೇಲೆ ಎಡಗೈಯ ಬೆರಳಾಡಿಸುತ್ತಿದ್ದ. "ಅಲ್ಲಿಂದ ಬರೋವಾಗ ಅವನಿಗೆ ಹೇಳಿ ಬರಕ್ಕೂ ಆಗಲಿಲ್ಲ ನನಗೆ," ಎಂದ. "ಆಸ್ಪತ್ರೆಯಿಂದ ಕ್ಯಾಂಪಿಗೆ ಹಾಕಿದ ಮೇಲೆ ನೋಡೇ ಇಲ್ಲ. ಇದ್ದಾನೋ ಇಲ್ವೋ." ಅವನ ಕಣ್ಣಿನಿಂದ ನೀರು ಮೀಸೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಹೊರಗೆ ಸ್ಕೂಟರು ನಿಂತಿತು. ಶ್ರೀವಾಣಿ ಬಿಸ್ಕತ್ತಿನ ಪೊಟ್ಟಣ ಹಿಡಿದು, "ಬನ್ನಿ ಮೇಷ್ಟ್ರೇ, ಬನ್ನಿ" ಎಂದು ಅಫ್ಜಲ್ ಮೇಷ್ಟ್ರನ್ನು ಕರೆಯುವುದು ಕೇಳಿಸಿತು. ಎರ್ರಮ್ಮ ಗಡಬಡಿಸಿ ಸೆರಗು ಸರಿಮಾಡಿಕೊಂಡಳು.

ಚಿತ್ತಯ್ಯ ಕಾಗದವನ್ನು ಮತ್ತೆ ಖಾತೂನ್ ಬೀಯ ಕೈಗೆ ಕೊಟ್ಟ. "ಅವರು ಒಳಗೆ ಬರೋದ್ರೊಳಗೆ ಇನ್ನೊಂದು ಸಲ ಓದು."

"ಯಾವುದಣ್ಣ? ಎಲ್ಲಾ ಓದಿದ್ನಲ್ಲ."

"ಬರೆದದ್ದು ಓದಿದೆ. ನೀನು ಅವತ್ತು ಓದಿದ್ದು ಏನು ಅಂತ ನಾನು ಕೇಳೇ ಇಲ್ವಲ್ಲ. ನನ್ನ ಹೆಸರಿನಾಗೆ ಏನು ಹೇಳಿದ್ದೆ ಇವಳಿಗೆ? ಅದನ್ನ ಓದು."

ಖಾತೂನ್ ಬೀ ಗೆಳತಿಯ ಮುಖ ನೋಡಿದಳು. ಕಣ್ಣೊರೆಸಿಕೊಂಡು ಕಾಗದವನ್ನು ಅವತ್ತಿನಂತೆಯೇ ಮುಖಕ್ಕೆ ಅಡ್ಡ ಹಿಡಿದಳು. ಒಂದು ಮಾತೂ ಮರೆತಿರಲಿಲ್ಲ.

"ಎರ್ರಮ್ಮನಿಗೆ ಹೇಳಿ, ಬೇರೆ ಎಲ್ಲೂ ಹೋಗದೆ ನನಗೆ ಕಾಯಲಿ. ಕೈ ಮುರಿದ್ರೂ ಬರ್ತೀನಿ. ಎಷ್ಟು ದಿನ ಆದ್ರೂ ಬಂದೇ ಬರ್ತೀನಿ. ಅವಳನ್ನ ಬಿಟ್ಟು ನನಗೆ ಯಾರೂ ಬೇಡ."

ಚಿತ್ತಯ್ಯ ಕಣ್ಣು ಮುಚ್ಚಿಕೊಂಡು ಕೇಳಿದ.

"ಹೌದು," ಎಂದ. "ಅದೇ. ಅದನ್ನೇ ಬರೆಸ್ಬೇಕು ಅಂತಿದ್ದೆ ನಾನು."